ವೈ ನದಿ ದಂಡೆಯ ಕಾಟೇಜು (ಬಿಲ್ತ್–ಹೇ ನಡುವೆ): ದುಡ್ಡು ಕಟ್ಟೋ ಮೊದಲು ಏನೇನು ಕೇಳಬೇಕು?

ಕಾವೇರಿಕೊಳ್ಳ:
ಅಕ್ಟೋಬರ್ ಕೊನೆಯ ವಾರದ ಶಾಲೆ ರಜೆಗೆ ವೇಲ್ಸ್‌ನಲ್ಲಿ ವೈ ನದಿ ದಂಡೆಯ ಒಂದು ಕಾಟೇಜು ನೋಡಿಟ್ಟಿದ್ದೇವೆ. ಬಿಲ್ತ್ ವೆಲ್ಸ್‌ಗೂ ಹೇ-ಆನ್-ವೈಗೂ ನಡುವೆ, ಎರ್‌ವುಡ್‌ನಿಂದ ಸ್ವಲ್ಪ ಕೆಳಗೆ. ಹಳೇ ಕಲ್ಲಿನ ಮನೆ, ಮೂರು ರೂಮು, ಹುಲ್ಲುಹಾಸು ನೇರ ನದಿಗೇ ಇಳಿಯುತ್ತೆ. ಶುಕ್ರವಾರದಿಂದ ಶುಕ್ರವಾರ. ಊರಿಂದ ಬಂದಿರೋ ಅಪ್ಪ-ಅಮ್ಮ (ಇಬ್ಬರಿಗೂ ಎಪ್ಪತ್ತು ದಾಟಿದೆ, ಅಮ್ಮನಿಗೆ ಮಂಡಿನೋವು), ನಾವಿಬ್ಬರು, ಇಬ್ಬರು ಮಕ್ಕಳು. ಅಡುಗೆ ನಾವೇ ಮಾಡ್ಕೊಳ್ಳೋದು. ಜಾಹೀರಾತಲ್ಲಿ ಬರೆದಿರೋದು: ಖಾಸಗಿ ನೀರು ಸರಬರಾಜು, ಸೆಪ್ಟಿಕ್ ಟ್ಯಾಂಕ್, ಆಗಾ ಒಲೆ (ಯಾವಾಗಲೂ ಕಾದೇ ಇರೋ ಎರಕದ ಕಬ್ಬಿಣದ ದೊಡ್ಡ ಒಲೆ), ಕಟ್ಟಿಗೆ ಸ್ಟೋವ್, ಹಾಟ್ ಟಬ್. ಪಟ್ಟಣದ ಫ್ಲಾಟಿನಲ್ಲಿ ಇರೋರಿಗೆ ಇದರಲ್ಲಿ ಯಾವುದು ತಲೆನೋವು, ಯಾವುದು ಅಲ್ಲ? ಭಾನುವಾರದೊಳಗೆ ಮುಂಗಡ ಕಟ್ಟಬೇಕು.

ಬ್ರೆಕನ್‌ಬೆಟ್ಟ:
ನದಿಯಿಂದಲೇ ಶುರು ಮಾಡಿ. ಮಾಲೀಕರಿಗೆ ಒಂದೇ ಪ್ರಶ್ನೆ ಕೇಳಿ: 2020ರ ಫೆಬ್ರುವರಿಯಲ್ಲಿ ಡೆನಿಸ್ ಬಿರುಗಾಳಿ ಬಂದಾಗ ನೀರು ಎಲ್ಲಿಯವರೆಗೆ ಬಂದಿತ್ತು? "ನಮ್ಮಲ್ಲಿ ಪ್ರವಾಹ ಬರಲ್ಲ" ಅನ್ನೋ ಉತ್ತರಕ್ಕೆ ಬೆಲೆ ಇಲ್ಲ. "ಹುಲ್ಲುಹಾಸಿನ ಅರ್ಧಕ್ಕೆ ಬಂತು, ಮನೆ ಮೆಟ್ಟಿಲು ಮುಟ್ಟಲಿಲ್ಲ, ಆದರೆ ಹೊರಗಿನ ರಸ್ತೆ ಒಂದು ದಿನ ಮುಳುಗಿತ್ತು" ಅಂತ ಹೇಳುವವರನ್ನು ನಂಬಬಹುದು. ಕೊನೆಯ ಭಾಗ ಮುಖ್ಯ. ನದಿ ದಂಡೆಯ ಹಳೇ ಮನೆಗಳನ್ನು ಕಟ್ಟಿದವರು ದಡ್ಡರಲ್ಲ, ಮನೆ ಸಾಮಾನ್ಯವಾಗಿ ದಿಬ್ಬದ ಮೇಲೇ ಇರುತ್ತೆ. ಮುಳುಗೋದು ಮನೆಗೆ ಬರೋ ದಾರಿ.

ವೈ ಹುಟ್ಟೋದು ಪಂಲಿಮನ್ ಬೆಟ್ಟದಲ್ಲಿ, ಒಟ್ಟು ಸುಮಾರು 250 ಕಿ.ಮೀ. ಹರಿಯುತ್ತೆ. ನಿಮ್ಮ ಜಾಗಕ್ಕೆ ಬರೋಷ್ಟರಲ್ಲಿ ಎಲಾನ್, ಇಥಾನ್, ಇರ್ವಾನ್ ಮೂರೂ ಉಪನದಿಗಳು ಸೇರಿರುತ್ತವೆ. ಹಾಗಾಗಿ ಕಾಟೇಜಿನ ಮೇಲೆ ಬಿಸಿಲಿದ್ದರೂ ಹಿಂದಿನ ರಾತ್ರಿ ಬೆಟ್ಟದಲ್ಲಿ ಬಿದ್ದ ಮಳೆ ಬೆಳಗ್ಗೆ ನಿಮ್ಮ ಹುಲ್ಲುಹಾಸಿಗೆ ಬರಬಹುದು. ಆಕಾಶ ನೋಡಿ ಪ್ರಯೋಜನ ಇಲ್ಲ. ನ್ಯಾಚುರಲ್ ರಿಸೋರ್ಸಸ್ ವೇಲ್ಸ್ ಅನ್ನೋ ಸರ್ಕಾರಿ ಪರಿಸರ ಸಂಸ್ಥೆಯ ಜಾಲತಾಣದಲ್ಲಿ ನದಿ ಮಟ್ಟದ ನಕ್ಷೆ ಇದೆ. ಅದರಲ್ಲಿ ಎರ್‌ವುಡ್ ಮಾಪಕ, ಅದಕ್ಕಿಂತ ಮೇಲೆ ರೇಯಡರ್ ಹತ್ತಿರದ ಡಾಲ್ ಫಾರ್ಮ್ ಮಾಪಕ, ಎರಡನ್ನೂ ಫೋನಿನಲ್ಲಿ ಉಳಿಸಿಕೊಳ್ಳಿ. ಅಲ್ಲಿ ಕಾಣೋ ಮೀಟರ್ ನದಿಯ ಆಳ ಅಲ್ಲ, ಆ ಮಾಪಕದ ಸೊನ್ನೆಯಿಂದ ಎಷ್ಟು ಮೇಲಿದೆ ಅನ್ನೋದು ಅಷ್ಟೇ. ಒಂದು ಮಾಪಕದ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸಬೇಡಿ. ರೇಖೆ ಎಷ್ಟು ಕಡಿದಾಗಿ ಏರ್ತಿದೆ ಅಂತ ನೋಡಿ. ಮೇಲಿನ ಮಾಪಕದಲ್ಲಿ ಕಡಿದಾಗಿ ಏರಿದರೆ ನಿಮಗೆ ಕೆಲವು ಗಂಟೆ ಸಮಯ ಇದೆ ಅಂತ ಅರ್ಥ.

ಎಚ್ಚರಿಕೆಯಲ್ಲಿ ಮೂರು ಹಂತ: ಫ್ಲಡ್ ಅಲರ್ಟ್, ಫ್ಲಡ್ ವಾರ್ನಿಂಗ್, ಸಿವಿಯರ್ ಫ್ಲಡ್ ವಾರ್ನಿಂಗ್. ಚಳಿಗಾಲದಲ್ಲಿ ಅಲರ್ಟ್ ಬರೋದು ಸಾಮಾನ್ಯ. ಆಗ ಮಾಡಬೇಕಾದ್ದು ಒಂದೇ, ಕಾರನ್ನು ಕೆಳಗಿನ ಗದ್ದೆಯಂಥ ಜಾಗದಿಂದ ತೆಗೆದು ಮೇಲಿನ ರಸ್ತೆಗೆ ಹಾಕೋದು. ವಾರ್ನಿಂಗ್ ಬಂದರೆ ಮಾಲೀಕರಿಗೆ ಫೋನ್ ಮಾಡಿ, ಅಪ್ಪ-ಅಮ್ಮನ ಔಷಧಿ, ಪಾಸ್‌ಪೋರ್ಟು ಒಂದು ಚೀಲಕ್ಕೆ ಹಾಕಿಡಿ. ನೀರು ನಿಂತ ರಸ್ತೆಯಲ್ಲಿ "ನೋಡೇ ಬಿಡೋಣ" ಅಂತ ಕಾರು ನುಗ್ಗಿಸಬೇಡಿ. ಹರಿಯೋ ನೀರು ಒಂದಡಿ ಇದ್ದರೂ ಕಾರನ್ನು ಎತ್ತಿಕೊಂಡು ಹೋಗುತ್ತೆ.

ಪೈಪುಪಂಪು:
ಮೇಲಿನವರು ಹೇಳಿದ್ದು ಹೊರಗಿನ ನೀರಿನ ಕತೆ. ನಾನು ಒಳಗಿನ ನೀರು ಹೇಳ್ತೀನಿ. ಖಾಸಗಿ ಸರಬರಾಜು ಅಂದರೆ ಬೋರ್‌ವೆಲ್ ಅಥವಾ ಬೆಟ್ಟದ ಒರತೆ. ಬಾಡಿಗೆಗೆ ಕೊಡೋ ಮನೆಯಾದರೆ ಸ್ಥಳೀಯ ಕೌನ್ಸಿಲ್ ಅದನ್ನು ಪರೀಕ್ಷೆ ಮಾಡಬೇಕು ಅಂತ ವೇಲ್ಸ್‌ನ 2017ರ ನಿಯಮಾವಳಿ ಇದೆ. "ಕೊನೆಯ ಪರೀಕ್ಷೆ ಯಾವಾಗ ಆಯ್ತು, ವರದಿ ಕಳಿಸ್ತೀರಾ" ಅಂತ ಕೇಳೋದರಲ್ಲಿ ಸಂಕೋಚ ಬೇಡ. ವರದಿಯಲ್ಲಿ ನೋಡಬೇಕಾದ್ದು ಇ-ಕೋಲೈ (ಮಲದಿಂದ ನೀರಿಗೆ ಸೇರೋ ಬ್ಯಾಕ್ಟೀರಿಯಾ) ಸೊನ್ನೆ ಇದೆಯಾ ಅನ್ನೋದು.

ಸಾಮಾನ್ಯ ವ್ಯವಸ್ಥೆ ಹೀಗಿರುತ್ತೆ: ಪಂಪು, ಅದರ ಪಕ್ಕ ಒತ್ತಡದ ಸಣ್ಣ ಟ್ಯಾಂಕು, ಆಮೇಲೆ ಕೆಸರು ಹಿಡಿಯೋ 5 ಮೈಕ್ರಾನ್ ಫಿಲ್ಟರು, ಕೊನೆಗೆ ಉಕ್ಕಿನ ಕೊಳವೆಯೊಳಗೆ ಯುವಿ ದೀಪ. ಅಡುಗೆಮನೆ ಸಿಂಕಿನ ಕೆಳಗೋ ಹೊರಗಿನ ಶೆಡ್ಡಿನಲ್ಲೋ ಇರುತ್ತೆ. ಫಿಲ್ಟರಿನ ಕೆಲಸ ನೀರನ್ನು ತಿಳಿ ಮಾಡೋದು, ಯುವಿ ಕೆಲಸ ಕ್ರಿಮಿ ಕೊಲ್ಲೋದು. ಒಂದಕ್ಕೊಂದು ಬೇಕು. ಜೋರು ಮಳೆಯಾಗಿ ನೀರು ಕದಡಿದರೆ ಬೆಳಕು ಒಳಗೆ ಹಾಯಲ್ಲ, ದೀಪ ಉರೀತಿದ್ದರೂ ಪ್ರಯೋಜನ ಇಲ್ಲ. ಲೋಟದಲ್ಲಿ ಹಿಡಿದಾಗ ಚಹಾ ಸೋಸಿದ ಹಾಗೆ ಬಣ್ಣ ಕಂಡರೆ ಕುದಿಸಿ ಕುಡೀರಿ. ದೀಪದ ಪೆಟ್ಟಿಗೆ ಬೀಪ್ ಬೀಪ್ ಅನ್ನೋಕೆ ಶುರು ಮಾಡಿದರೂ ಅಷ್ಟೇ, ದೀಪದ ಆಯಸ್ಸು ಸುಮಾರು ಒಂದು ವರ್ಷ. ಆ ಸದ್ದು ಕಿರಿಕಿರಿ ಅಂತ ಪ್ಲಗ್ ಕಿತ್ತು ಹಾಕೋ ಅತಿಥಿಗಳು ಇದ್ದಾರೆ. ಹಾಗೆ ಮಾಡಿದರೆ ಮುಂದಿನ ವಾರ ಬಂದವರಿಗೆ ಹೊಟ್ಟೆ ಕೆಡುತ್ತೆ.

ಕರೆಂಟು ಹೋದರೆ ಪಂಪು ನಿಲ್ಲುತ್ತೆ, ನಲ್ಲಿಯೂ ನಿಲ್ಲುತ್ತೆ. ಬಂದ ದಿನವೇ ದೊಡ್ಡ ಪಾತ್ರೆಯಲ್ಲಿ ಒಂದು ಹತ್ತು ಲೀಟರ್ ಕುಡಿಯೋ ನೀರು, ಫ್ಲಶ್‌ಗೆ ಒಂದು ಬಕೆಟ್ ಹಿಡಿದಿಡಿ. ವಿದ್ಯುತ್ ಕಡಿತಕ್ಕೆ ಬ್ರಿಟನ್ನಿನಲ್ಲಿ ಎಲ್ಲ ಕಡೆ 105ಕ್ಕೆ ಕರೆ ಮಾಡಿದರಾಯ್ತು, ಯಾವ ಕಂಪನಿ ಅಂತ ಹುಡುಕೋದು ಬೇಡ.

ಇನ್ನೊಂದು, ಆ ಕಡೆ ನೀರು ಮೆದು ಮತ್ತು ಸ್ವಲ್ಪ ಆಮ್ಲೀಯ. ತಾಮ್ರದ ಪೈಪನ್ನು ನಿಧಾನಕ್ಕೆ ತಿನ್ನುತ್ತೆ. ಸ್ನಾನದ ತೊಟ್ಟಿಯಲ್ಲಿ ನಲ್ಲಿ ಕೆಳಗೆ ಹಸಿರು-ನೀಲಿ ಕಲೆ ಕಂಡರೆ ಅದೇ ಕಾರಣ. ರಾತ್ರಿಯಿಡೀ ಪೈಪಲ್ಲಿ ನಿಂತ ನೀರನ್ನು ಬೆಳಗ್ಗೆ ಒಂದು ನಿಮಿಷ ಹರಿಬಿಟ್ಟು ಆಮೇಲೆ ಕಾಫಿಗೆ ಹಿಡೀರಿ.

ಕಾವೇರಿಕೊಳ್ಳ:
ಇದು ಯಾವುದೂ ಹೊಳೆದಿರಲಿಲ್ಲ, ಧನ್ಯವಾದ. ಬಿಸಿನೀರು ಆರು ಜನಕ್ಕೆ ಸಾಲುತ್ತಾ? ಸೆಪ್ಟಿಕ್ ಟ್ಯಾಂಕಿಗೆ ನಮ್ಮ ಅಡುಗೆ ತೊಂದರೆಯಾ?

ಪೈಪುಪಂಪು:
ಬಿಸಿನೀರು: ಕಾಂಬಿ ಬಾಯ್ಲರಾ (ನಲ್ಲಿ ತಿರುಗಿಸಿದಾಗ ಆಗಲೇ ಕಾಯಿಸಿ ಕೊಡೋದು), ಸಿಲಿಂಡರಾ (ಕಾಯಿಸಿದ ನೀರು ತುಂಬಿಡೋ ಟ್ಯಾಂಕು, ಗ್ಯಾಸಿನದಲ್ಲ) ಅಂತ ಕೇಳಿ. ಗ್ರಾಮೀಣ ಮನೆಗಳಲ್ಲಿ ಗ್ಯಾಸ್ ಲೈನ್ ಇರಲ್ಲ, ಸೀಮೆಎಣ್ಣೆ ಬಾಯ್ಲರ್ ಅಥವಾ ಎಲ್‌ಪಿಜಿ. ಸಿಲಿಂಡರ್ ಆದರೆ 150ರಿಂದ 200 ಲೀಟರ್. ಟಬ್ ತುಂಬಿಸಿ ಇಬ್ಬರು ಸ್ನಾನ ಮಾಡಿದರೆ ಮೂರನೆಯವರಿಗೆ ತಣ್ಣೀರು. ಖಾಲಿಯಾದ 150 ಲೀಟರನ್ನು 3 ಕಿಲೋವಾಟ್ ಇಮ್ಮರ್ಶನ್ ಮತ್ತೆ ಕಾಯಿಸೋಕೆ ಹೆಚ್ಚುಕಡಿಮೆ ಮೂರು ಗಂಟೆ ಬೇಕು. ಇದಕ್ಕೆ ನಮ್ಮ ಬಕೆಟ್ ಸ್ನಾನವೇ ಮದ್ದು. ತಲೆಗೆ 15–20 ಲೀಟರ್, ಆರೂ ಜನಕ್ಕೆ ಆರಾಮ. ಬಕೆಟ್ಟು, ಚೊಂಬು ಅಲ್ಲಿರಲ್ಲ, ಕಾರಿನಲ್ಲಿ ಹಾಕಿಕೊಂಡು ಹೋಗಿ. ಆದರೆ ಬಾತ್‌ರೂಮಿನ ನೆಲದಲ್ಲಿ ನೀರು ಹೋಗೋ ಕಿಂಡಿ ಇರಲ್ಲ. ಸ್ನಾನ ಟಬ್ಬಿನೊಳಗೆ ಅಥವಾ ಶವರ್ ತಟ್ಟೆಯೊಳಗೇ ಆಗಬೇಕು. ಇಲ್ಲದಿದ್ದರೆ ಕೆಳಗಿನ ಕೋಣೆಯ ಸೀಲಿಂಗಿಗೆ ಕಲೆ ಬಂದು ಠೇವಣಿ ಹೋಗುತ್ತೆ.

ಸೆಪ್ಟಿಕ್: ಟ್ಯಾಂಕಿನ ಶತ್ರು ಮೂರು. ಕರಿದ ಎಣ್ಣೆ, ಒದ್ದೆ ವೈಪ್ಸ್, ಬ್ಲೀಚ್. ಎಣ್ಣೆ ತಣ್ಣನೆ ನೀರಿನಲ್ಲಿ ಗಟ್ಟಿಯಾಗಿ ಹೊರಹೋಗೋ ಪೈಪಿಗೆ ಅಂಟುತ್ತೆ. ಹಪ್ಪಳ ಕರಿದ ಎಣ್ಣೆಯನ್ನು ಆರಿಸಿ ಖಾಲಿ ಹಾಲಿನ ಡಬ್ಬಿಗೆ ತುಂಬಿ ಕಸಕ್ಕೆ ಹಾಕಿ. ಬಾಣಲೆಯನ್ನು ತೊಳೆಯೋ ಮೊದಲು ಕಾಗದದಿಂದ ಒರೆಸಿ. "ಫ್ಲಶ್ ಮಾಡಬಹುದು" ಅಂತ ಬರೆದಿರೋ ವೈಪ್ಸೂ ಕರಗಲ್ಲ. ಬ್ಲೀಚ್ ಟ್ಯಾಂಕಿನೊಳಗಿನ ಬ್ಯಾಕ್ಟೀರಿಯಾ ಕೊಲ್ಲುತ್ತೆ, ವಾಸನೆ ಶುರುವಾಗುತ್ತೆ. ಕರಿಬೇವು, ಹುಣಿಸೆ ನಾರು, ಮೆಣಸಿನ ತೊಟ್ಟಿಗೆ ಸಿಂಕಿನಲ್ಲಿ ಜಾಲರಿ ಇಡಿ. ಅಕ್ಕಿ ತೊಳೆದ ನೀರು, ಶೌಚದ ನೀರು ಏನೂ ಮಾಡಲ್ಲ.

ಆರು ಜನರ ಬಟ್ಟೆಯನ್ನೆಲ್ಲ ಒಂದೇ ದಿನ ವಾಷಿಂಗ್ ಮೆಷಿನ್ನಿಗೆ ಹಾಕಬೇಡಿ, ನೀರು ಒಮ್ಮೆಲೇ ನುಗ್ಗಿದರೆ ತಳದ ಕೆಸರು ಎದ್ದು ಮುಂದೆ ಹೋಗುತ್ತೆ. ನದಿ ಪಕ್ಕದ ಕೆಲವು ಮನೆಗಳಲ್ಲಿ ಟ್ಯಾಂಕಿನ ಬದಲು ಗಾಳಿ ಊದೋ ಶುದ್ಧೀಕರಣ ಘಟಕ ಇರುತ್ತೆ. ಹೊರಗೆ ಹಸಿರು ಮುಚ್ಚಳ, ಗುಂಯ್ ಅನ್ನೋ ಸದ್ದು. ಸದ್ದು ತೊಂದರೆ ಅಂತ ಹೊರಗಿನ ಸ್ವಿಚ್ ಆರಿಸಬೇಡಿ.

ಬಿಸಿಬೇಳೆ:
ಅಡುಗೆ ವಿಷಯಕ್ಕೆ ಬರ್ತೀನಿ, ಇಲ್ಲಿ ಹೇಳೋದು ಜಾಸ್ತಿ ಇದೆ. ಆಗಾ ಒಲೆ ನೋಡಿ ಹೆದರಬೇಡಿ, ನಮ್ಮ ಅಡುಗೆಗೆ ಅದು ಹೇಳಿಮಾಡಿಸಿದಂಥದ್ದು. ಹಳೇ ಮಾದರಿಯದಕ್ಕೆ ಗುಂಡಿ, ಉರಿ ಹೆಚ್ಚುಕಡಿಮೆ ಏನೂ ಇಲ್ಲ. ಎರಕದ ಕಬ್ಬಿಣ ಹಗಲೂ ರಾತ್ರಿ ಕಾದಿರುತ್ತೆ. ಮೇಲೆ ಎರಡು ಗುಂಡನೆ ಮುಚ್ಚಳ: ಎಡಗಡೆಯದು ಕುದಿಸೋ ತಟ್ಟೆ, ಬಲಗಡೆಯದು ಸಣ್ಣ ಕಾವಿನ ತಟ್ಟೆ. ಕೆಳಗೆ ಓವನ್ನುಗಳು.

ಎಲ್ಲರೂ ಎಡವೋದು ಒಂದೇ ಕಡೆ. ಮುಚ್ಚಳ ತೆರೆದಿಟ್ಟು ಎರಡು ಗಂಟೆ ಒಲೆ ಮೇಲೇ ಅಡುಗೆ ಮಾಡ್ತಾರೆ. ಶೇಖರವಾದ ಕಾವೆಲ್ಲ ಹೋಗಿ ಮಧ್ಯಾಹ್ನದ ಹೊತ್ತಿಗೆ ಸಾರು ಕುದಿಯೋದೇ ಇಲ್ಲ, ಮತ್ತೆ ಕಾವು ಕಟ್ಟೋಕೆ ಗಂಟೆಗಟ್ಟಲೆ ಬೇಕು. ಕ್ರಮ ಹೀಗೆ: ಅನ್ನಕ್ಕೆ ಅಳತೆ ನೀರಿಟ್ಟು ಕುದಿಸೋ ತಟ್ಟೆ ಮೇಲೆ ಒಂದು ಕುದಿ ಬರಿಸಿ, ಮುಚ್ಚಿ, ಕೆಳಗಿನ ಸಣ್ಣ ಕಾವಿನ ಓವನ್ನಿಗೆ ಸೇರಿಸಿ. ಹದಿನೈದು ಇಪ್ಪತ್ತು ನಿಮಿಷಕ್ಕೆ ಅನ್ನ ಅರಳಿರುತ್ತೆ, ತಳ ಹಿಡಿಯಲ್ಲ. ಹುಳಿ, ಕೂಟು ಕೂಡ ಹಾಗೇ, ಮೇಲೆ ಕುದಿ ಬರಿಸಿ ಒಳಗೆ ತಳ್ಳಿ. ಪಾತ್ರೆಯ ಹಿಡಿ ಪ್ಲಾಸ್ಟಿಕ್ ಇದ್ದರೆ ಓವನ್ನಿಗೆ ಬೇಡ. ಕುಕ್ಕರನ್ನು ಕುದಿಸೋ ತಟ್ಟೆಯಲ್ಲಿ ಒತ್ತಡಕ್ಕೆ ತಂದು ಬಲಗಡೆಗೆ ಜರುಗಿಸಿ. ತಳ ಸಪಾಟಾಗಿಲ್ಲದಿದ್ದರೆ ಕಾವು ಹತ್ತಲ್ಲ.

ದೋಸೆಗೆ ಹೆಂಚೇ ಬೇಡ! ಬಲಗಡೆ ತಟ್ಟೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಎಣ್ಣೆ ಸವರಿ ನೇರವಾಗಿ ಹುಯ್ಯಬಹುದು. ಸವರಿದ ಕೂಡಲೇ ಸಣ್ಣ ಚೊಂಯ್ ಕೇಳಿ ಅಂಚು ಮೇಲೇಳಬೇಕು. ಹೊಗೆ ಬಂದರೆ ಜಾಸ್ತಿ ಕಾದಿದೆ, ಎರಡು ನಿಮಿಷ ಮುಚ್ಚಳ ತೆರೆದಿಡಿ. ಅಂಟಿಕೊಂಡೀತು ಅನ್ನೋ ಭಯ ಇದ್ದರೆ ಬೇಕಿಂಗ್ ಹಾಳೆ ಹಾಸಿ. ಒಲೆಯ ಪಕ್ಕ ರಾತ್ರಿ ಹಿಟ್ಟಿನ ಪಾತ್ರೆ ಇಟ್ಟರೆ ವೇಲ್ಸ್‌ನ ಅಕ್ಟೋಬರ್ ಚಳಿಯಲ್ಲೂ ಉಬ್ಬುತ್ತೆ. ಒಲೆಯ ಮೇಲೇ ಇಡಬೇಡಿ, ಬೆಂದೇ ಹೋಗುತ್ತೆ.

ಆಗಾ ಜೊತೆ ಒಂದು ಇಂಡಕ್ಷನ್ ಒಲೆಯೂ ಇರಬಹುದು. ಊರಿನ ಅಲ್ಯುಮಿನಿಯಂ ಕುಕ್ಕರ್ ಅದರ ಮೇಲೆ ಕೆಲಸ ಮಾಡಲ್ಲ. ಫ್ರಿಜ್ ಮೇಲಿನ ಅಯಸ್ಕಾಂತ ತಳಕ್ಕೆ ಹಿಡಿಯುತ್ತಾ ಅಂತ ಮನೆಯಲ್ಲೇ ನೋಡಿ ಹೊರಡಿ.

ಒಗ್ಗರಣೆ: ತಗ್ಗಿನ ತೊಲೆ, ಸಣ್ಣ ಕಿಟಕಿ, ಅಡುಗೆಮನೆಯಲ್ಲೇ ಹೊಗೆ ಅಲಾರಂ. ಮೆಣಸಿನಕಾಯಿ ಹಾಕಿದ ತಕ್ಷಣ ಕಿರುಚುತ್ತೆ. ಅಲ್ಲಿನ ಎಷ್ಟೋ ಚಿಮಣಿ ಫ್ಯಾನುಗಳು ಗಾಳಿಯನ್ನು ಇದ್ದಿಲಿನ ಫಿಲ್ಟರಿನಲ್ಲಿ ಸೋಸಿ ಒಳಗೇ ಬಿಡುವಂಥವು, ಹೊರಗೆ ಹಾಕಲ್ಲ. ಮೊದಲು ಕಿಟಕಿ, ಹಿಂಬಾಗಿಲು ತೆಗೀರಿ. ಎಣ್ಣೆ ಹೊಗೆಯಾಡೋ ಮೊದಲೇ ಸಾಸಿವೆ ಹಾಕಿ, ಸಿಡಿದ ಕೂಡಲೇ ಒಲೆಯಿಂದ ಇಳಿಸಿ, ಮೆಣಸಿನಕಾಯಿ ಇಂಗು ಆಮೇಲೆ. ಅಲಾರಂಗೆ ಪ್ಲಾಸ್ಟಿಕ್ ಚೀಲ ಕಟ್ಟೋ ಉಪಾಯ ಬೇಡ, ಕಟ್ಟಿಗೆ ಸ್ಟೋವ್ ಇರೋ ಮನೆ ಅದು. ಅರಿಶಿನ ಮರದ ಕಟ್ಟೆಗೆ, ಬಿಳಿ ಕಲ್ಲಿಗೆ ಹಿಡಿದರೆ ಬಿಡಲ್ಲ, ನಿಮ್ಮದೇ ಒಂದು ಸ್ಟೀಲ್ ತಟ್ಟೆ, ಒಂದು ಕತ್ತರಿಸೋ ಮಣೆ ಒಯ್ಯಿರಿ. ದೇವರ ದೀಪ ಹಚ್ಚೋದಾದರೆ ಮಾಲೀಕರ ನಿಯಮ ನೋಡಿ. ಬಯಲು ದೀಪಕ್ಕೆ ಕೆಲವರು ಒಪ್ಪಲ್ಲ.

ಸಾಮಾನು: ಬ್ರೆಕನ್‌ನಲ್ಲಿ ಮಾರಿಸನ್ಸ್ ಸೂಪರ್‌ಮಾರ್ಕೆಟ್ ಇದೆ, ತರಕಾರಿ ಹಾಲು ಮೊಸರಿಗೆ ಸಾಕು. ಸೋನಾ ಮಸೂರಿ, ತೊಗರಿಬೇಳೆ, ರಾಗಿಹಿಟ್ಟು, ಕರಿಬೇವು ಅಲ್ಲಿ ಹುಡುಕೋದು ಬೇಡ. ಕಾರ್ಡಿಫ್ ಕಡೆಯಿಂದ ಹೋಗೋದಾದರೆ ಅಲ್ಲಿನ ಸಿಟಿ ರೋಡ್ ಅಂಗಡಿಗಳಲ್ಲೇ ಮುಗಿಸಿಕೊಳ್ಳಿ.

ಜೋಳದರೊಟ್ಟಿ:
ರಸ್ತೆ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲಲ್ರೀ. ಕಾರ್ಡಿಫ್‌ದಿಂದ ಬಿಲ್ತ್‌ಗೆ ಎ470 ಹಿಡದ್ರ ಸುಮಾರು 60 ಮೈಲಿ, ಆದ್ರ ಒಂದ ತಾಸಿನ್ಯಾಗ ಮುಟ್ಟೂದಿಲ್ಲ. ಎರಡ ತಾಸು ಇಟ್ಕೊರಿ. 2023ರ ಸೆಪ್ಟೆಂಬರ್ 17ರಿಂದ ವೇಲ್ಸ್‌ದಾಗ ಬೀದಿದೀಪ ಇರೂ ಊರಿನ ರಸ್ತೆಗೋಳಿಗೆ ತಾಸಿಗೆ 20 ಮೈಲಿ ಮಿತಿ ಐತಿ. ಇಂಗ್ಲೆಂಡಿನ 30ರ ರೂಢಿಯೊಳಗ ಹೋದ್ರ ದಂಡ ಬೀಳತೈತಿ. ಸೆವರ್ನ್ ಸೇತುವೆಗೆ ಟೋಲ್ 2018ರಾಗ ತಗದಾರ, ಆ ಚಿಂತಿ ಬ್ಯಾಡ.

ಕೊನೀ ಎರಡ ಮೈಲಿ ಒಂದ ಗಾಡಿ ಹೋಗೂವಷ್ಟ ದಾರಿ ಇರತೈತಿ. ಎರಡೂ ಕಡೆ ಮಣ್ಣಿನ ದಿಬ್ಬ, ಅದರ ಮ್ಯಾಲ ಬೇಲಿ, ಒಳಗ ಕಲ್ಲು ಅಡಗಿರತಾವ. ಎದುರಿಂದ ಟ್ರ್ಯಾಕ್ಟರ್ ಬಂದ್ರ ಯಾರಿಗೆ ಸರಿಯೂ ಜಾಗ ಹತ್ತರ ಐತಿ ಅವರು ಹಿಂದ ಸರೀಬೇಕು. ಏರ ಹತ್ತಿ ಬರಾವಗ ದಾರಿ ಬಿಡ್ರಿ. ಬಾಡಿಗಿ ಕಾರಿಗೆ ಆಗೂ ದೊಡ್ಡ ನುಕ್ಸಾನ ಅಂದ್ರ ಟೈರಿನ ಪಕ್ಕದ ಗೋಡಿ ಹರಿಯೂದು. ವಿಮಾದಾಗ ಟೈರು ಬರತೈತೋ ಇಲ್ಲೋ ಮೊದಲ ಕೇಳ್ರಿ. ಪೋಸ್ಟ್‌ಕೋಡ್ ಹಾಕಿ ಮ್ಯಾಪ್ ನಂಬಬ್ಯಾಡ್ರಿ, ಅಲ್ಲಿ ಒಂದ ಕೋಡಿಗೆ ನಾಕೈದು ತ್ವಾಟ ಬರತಾವ, ಯಾರದೋ ಕುರಿ ದೊಡ್ಡಿ ಮುಂದ ತಂದ ನಿಲ್ಲಸತೈತಿ. ಮಾಲಕರ ಕಡೆ ಗೇಟಿನ ಫೋಟೋ, what3words ಆ್ಯಪಿನ ಮೂರು ಶಬ್ದದ ವಿಳಾಸ ಇಸಗೊಂಡು ಆಫ್‌ಲೈನ್ ನಕ್ಷೆ ಇಳಿಸ್ಕೊರಿ. ಗ್ವಾಡಿ ಎರಡ ಅಡಿ ದಪ್ಪ ಇರತೈತಿ, ಒಳಗ ಸಿಗ್ನಲ್ ಬರೂದಿಲ್ಲ, ವೈಫೈ ಕಾಲಿಂಗ್ ಮನ್ಯಾಗ ಹಚ್ಚಿ ಹೋಗ್ರಿ.

ಹಗಲ ಇದ್ದಾಗ ಮುಟ್ರಿ. ಅಕ್ಟೋಬರ್ ಕೊನೀ ಭಾನುವಾರ ಗಡಿಯಾರ ಒಂದ ತಾಸು ಹಿಂದ ಹೊಕ್ಕತಿ, ಆಮ್ಯಾಲ ಸಂಜಿ ಐದಕ್ಕ ಕತ್ತಲ. ಚೆಕ್-ಇನ್ ಸಾಮಾನ್ಯವಾಗಿ ನಾಲ್ಕಕ್ಕ.

ಎಲೆಕ್ಟ್ರಿಕ್ ಕಾರು ಇದ್ರ ಕೇಳದ ಪ್ಲಗ್ ಹಚ್ಚಬ್ಯಾಡ್ರಿ. ಮನಿ ಸಾಕೆಟ್ಟಿನಾಗ ತಾಸಿಗೆ ಎರಡ ಯುನಿಟ್ ಚಿಲ್ಲರ ಅಷ್ಟ ಹೋಗತೈತಿ, ಸುತ್ತಿದ ಎಕ್ಸ್‌ಟೆನ್ಶನ್ ವೈರಿಗೆ ಹಚ್ಚಿದ್ರ ವೈರ್ ಕರಗತೈತಿ.

ಕಾವೇರಿಕೊಳ್ಳ:
ಅಮ್ಮನ ಮಂಡಿ ವಿಷಯ? ಫೋಟೋದಲ್ಲಿ ಮೆಟ್ಟಿಲೇ ಕಾಣ್ತಿಲ್ಲ.

ಬ್ರೆಕನ್‌ಬೆಟ್ಟ:
ಕಾಣದೇ ಇದ್ದರೆ ಅನುಮಾನಪಡಿ. ಹಳೇ ಕಾಟೇಜಿನ ಮೆಟ್ಟಿಲು ಬೆಂಕಿಗೂಡಿನ ಪಕ್ಕ ಗೋಡೆಯೊಳಗೆ ತಿರುಗಿಕೊಂಡು ಹೋಗುತ್ತೆ. ಕಡಿದಾದ, ಒಂದು ಬದಿ ಕಿರಿದಾದ ಮೆಟ್ಟಿಲು, ಹಿಡಿಗಂಬಿ ಇದ್ದರೆ ಪುಣ್ಯ. ಸ್ನಾನದ ಕೋಣೆ ಮತ್ತೆ ಕೆಳಗೆ, ಅಡುಗೆಮನೆ ಹಿಂದೆ! ರಾತ್ರಿ ಎರಡು ಸಲ ಏಳೋ ವಯಸ್ಸಾದವರಿಗೆ ಇದು ಸರಿಹೋಗಲ್ಲ. ಕೇಳಬೇಕಾದ್ದು: ನೆಲಮಹಡಿಯಲ್ಲಿ ಮಲಗುವ ಕೋಣೆ ಇದೆಯಾ, ಅದೇ ಮಟ್ಟದಲ್ಲಿ ಶೌಚಾಲಯ ಇದೆಯಾ, ಶವರ್ ಪ್ರತ್ಯೇಕವಾ ಅಥವಾ ಟಬ್ಬಿನ ಮೇಲಾ. ಟಬ್ಬಿನ ಅಂಚು ಮಂಡಿಗಿಂತ ಮೇಲೆ ಬರುತ್ತೆ, ಕಾಲೆತ್ತಿ ದಾಟೋಕೆ ಅಮ್ಮನಿಗೆ ಆಗಲ್ಲ. ಮೆಟ್ಟಿಲಿನ ಫೋಟೋ ಒಂದು ಬೇರೆ ಕಳಿಸೋಕೆ ಹೇಳಿ. ನೆಲ ಸ್ಲೇಟು ಅಥವಾ ಕಲ್ಲುಚಪ್ಪಡಿ, ಕಾಲಿಗೆ ಮಂಜುಗಡ್ಡೆ ಮುಟ್ಟಿದ ಹಾಗೆ. ಮನೆಯೊಳಗೆ ಹಾಕೋ ರಬ್ಬರ್ ತಳದ ಚಪ್ಪಲಿ ಇಬ್ಬರಿಗೂ ಬೇಕೇ ಬೇಕು.

ಕಟ್ಟಿಗೆ ಸ್ಟೋವ್ ಕೂಡ ನಾನೇ ಹೇಳಿಬಿಡ್ತೀನಿ. ಬಾಗಿಲ ಕೆಳಗಿನ ಕಿಂಡಿ, ಮೇಲಿನ ಕಿಂಡಿ ಎರಡೂ ಪೂರ್ತಿ ತೆರೀರಿ. ಎರಡು ಸಣ್ಣ ಸೀಳು, ಅದರ ಮೇಲೆ ಅಡ್ಡಡ್ಡ ಎಂಟು ಹತ್ತು ಪುಳ್ಳೆ, ಮೇಲೆ ಒಂದು ಫೈರ್‌ಲೈಟರ್. ಬಾಗಿಲು ಒಂದು ಬೆರಳಿನಷ್ಟು ತೆರೆದಿಟ್ಟು ಐದು ಹತ್ತು ನಿಮಿಷ ಬಿಡಿ, ಆಮೇಲೆ ಮುಚ್ಚಿ. ಉರಿ ಕೂತ ಮೇಲೆ ಕೆಳಗಿನ ಕಿಂಡಿ ಮುಚ್ಚಿ, ಮೇಲಿನದರಲ್ಲೇ ನಿಯಂತ್ರಿಸಿ. ಕಟ್ಟಿಗೆ ಉರಿಯೋಕೆ ಬೂದಿಯ ಹಾಸು ಬೇಕು, ಒಂದಿಂಚು ಉಳಿಸಿ ತೆಗೀರಿ. ಗಾಜು ಕಪ್ಪಾಗ್ತಿದೆ ಅಂದರೆ ಕಟ್ಟಿಗೆ ಹಸಿ (ತೇವ 20% ಒಳಗಿರಬೇಕು) ಅಥವಾ ಗಾಳಿ ಕಡಿಮೆ. ಹೊಗೆ ಕೋಣೆಗೇ ಬಂದರೆ ಚಿಮಣಿ ತಣ್ಣಗಿದೆ ಅಂತ ಅರ್ಥ. ಒಂದು ಕಾಗದ ತಿರುಚಿ ಹೊತ್ತಿಸಿ ಮೇಲ್ಗಡೆ ಹಿಡಿದು ಕೊಳವೆ ಬೆಚ್ಚಗೆ ಮಾಡಿ. ಬೂದಿಯನ್ನು ಪ್ಲಾಸ್ಟಿಕ್ ಬುಟ್ಟಿಗೆ ಹಾಕಲೇಬೇಡಿ, ಮರುದಿನವೂ ಒಳಗೆ ಕೆಂಡ ಇರುತ್ತೆ. ಕಾರ್ಬನ್ ಮೋನಾಕ್ಸೈಡ್ ಅಲಾರಂ ಇದೆಯಾ ಅಂತ ಮೊದಲ ದಿನವೇ ಗುಂಡಿ ಒತ್ತಿ ನೋಡಿ. ಒದ್ದೆ ಬಟ್ಟೆಯನ್ನು ಸ್ಟೋವಿಗೆ ತಾಗಿಸಿ ಒಣಗಿಸೋದು ಬೇಡ, ಆಗಾ ಕಂಬಿಯ ಮೇಲೆ ಹಾಕಿ.

ಘಟ್ಟದಕೆಳಗೆ:
ಮಕ್ಕಳು ನದಿಗೆ ಇಳಿಯುದು ಹೇಗೆ ಅಂತ ಯಾರೂ ಹೇಳಲಿಲ್ಲ ಮಾರಾಯ್ರೆ. ಅಕ್ಟೋಬರಿನಲ್ಲಿ ಈಜು ಬೇಡವೇ ಬೇಡ. ನೀರು 15 ಡಿಗ್ರಿಗಿಂತ ಕೆಳಗೆ ಇಳಿದ್ರೆ ದೇಹಕ್ಕೆ ಒಮ್ಮೆಲೇ ಏದುಸಿರು ಬರ್ತದೆ, ಈಜು ಬರುವವರೇ ನೀರು ಕುಡೀತಾರೆ. ಯಾರಾದ್ರೂ ಬಿದ್ರೆ ಅಂಗಾತ ಮಲಗಿ ತೇಲ್ಬೇಕು, ಕೈಕಾಲು ಬಡಿಯುದಲ್ಲ. ಉಸಿರು ಹತೋಟಿಗೆ ಬಂದ ಮೇಲೆ ದಡಕ್ಕೆ. ಇದನ್ನು ಮಕ್ಕಳಿಗೆ ಮನೆಯಲ್ಲೇ ಹೇಳಿ ಕರ್ಕೊಂಡು ಹೋಗಿ.

ಎರ್‌ವುಡ್ ಸುತ್ತ ನದಿಯಲ್ಲಿ ಬಂಡೆ ಉಂಟು, ಪಾಚಿ ಹಿಡಿದು ಜಾರ್ತದೆ. ಹುಲ್ಲಿನ ದಂಡೆಯ ಅಂಚು ಕೆಳಗೆ ಕೊರೆದು ಹೋಗಿರ್ತದೆ, ಮೇಲಿಂದ ನೋಡಿದ್ರೆ ಗೊತ್ತಾಗುದಿಲ್ಲ, ತುದಿಯಲ್ಲಿ ನಿಲ್ಲಬಾರ್ದು. ಬೇಸಿಗೆಯಲ್ಲಿ ಬರುದಾದ್ರೆ ಗ್ಲಾಸ್‌ಬರಿಯ ಜಲ್ಲಿ ದಂಡೆ ಮಕ್ಕಳಿಗೆ ಒಳ್ಳೇದು. ಗ್ಲಾಸ್‌ಬರಿಯಿಂದ ಹೇ ತನಕ ಕೆನೂ (ಹುಟ್ಟು ಹಾಕುವ ಸಣ್ಣ ದೋಣಿ) ಬಾಡಿಗೆಗೆ ಸಿಗ್ತದೆ, ಅರ್ಧ ದಿನದ ಕೆಲಸ, ವಾಪಸ್ ಕರ್ಕೊಂಡು ಬರುದೂ ಅವರೇ. ಕಾಟೇಜಿನ ದಂಡೆಯಿಂದ ನಿಮ್ಮದೇ ದೋಣಿ ಬಿಡ್ಲಿಕ್ಕೆ ಕೇಳದೆ ಹೋಗ್ಬೇಡಿ. ಸಾರ್ವಜನಿಕರಿಗೆ ದೋಣಿಯ ಹಕ್ಕು ಇರುದು ಹೇ ಸೇತುವೆಯಿಂದ ಕೆಳಗೆ, ಮೇಲೆ ಜಮೀನಿನವರ, ಗಾಳದವರ ಒಪ್ಪಂದದ ಮೇಲೆ ನಡೀತದೆ.

ನೀರಿನ ಗುಣಮಟ್ಟ: ಮಳೆಯಾದ ಎರಡು ದಿನ ಕಾಲೂ ಇಡ್ಬೇಡಿ. ವೈ ಕೊಳ್ಳದಲ್ಲಿ ಕೋಳಿ ಸಾಕಣೆ ವಿಪರೀತ. ಆ ಗೊಬ್ಬರದ ರಂಜಕ ಹೊಲದಿಂದ ನದಿಗೆ ತೊಳೆದು ಬರ್ತದೆ, ಬೇಸಿಗೆಯಲ್ಲಿ ಪಾಚಿ ಎದ್ದು ನೀರು ಹಸಿರಾಗ್ತದೆ. 2023ರಲ್ಲಿ ಇಂಗ್ಲೆಂಡ್ ಭಾಗದ ವೈಯನ್ನು "ಸ್ಥಿತಿ ಕೆಡುತ್ತಾ ಇದೆ" ಎನ್ನುವ ವರ್ಗಕ್ಕೆ ಇಳಿಸಿದ್ದು ಪತ್ರಿಕೆಗಳಲ್ಲೆಲ್ಲ ಬಂದಿತ್ತು. ನಮ್ಮ ಕರಾವಳಿಯವರಿಗೆ ಗೊತ್ತಿರುವ ಇಲಿಜ್ವರ ಅಲ್ಲಿಯೂ ಉಂಟು. ಕಾಲಲ್ಲಿ ಗಾಯ ಇದ್ರೆ ನೀರಿಗೆ ಇಳಿಯುದು ಬೇಡ, ಇಳಿದು ಒಂದೆರಡು ವಾರದೊಳಗೆ ಜ್ವರ ಬಂದ್ರೆ ಡಾಕ್ಟರಿಗೆ ನದಿಯ ವಿಷಯ ಹೇಳಿ.

ಉಣುಗು ಕೂಡ ಉಂಟು, ಜರಿಗಿಡದ ಹಾದಿಯಲ್ಲಿ. ಪ್ಯಾಂಟನ್ನು ಸಾಕ್ಸಿನೊಳಗೆ ತುರುಕಿ. ಸಂಜೆ ಮಕ್ಕಳ ಮಂಡಿ ಹಿಂದೆ, ಕಿವಿ ಹಿಂದೆ ನೋಡಿ. ಕಚ್ಚಿದ್ರೆ ಎಣ್ಣೆ, ಬೆಂಕಿಕಡ್ಡಿ ಪ್ರಯೋಗ ಬೇಡ, ಸಣ್ಣ ಚಿಮುಟದಲ್ಲಿ ಚರ್ಮದ ಹತ್ತಿರ ಹಿಡಿದು ನೆಟ್ಟಗೆ ಎಳೀರಿ. ಆಮೇಲೆ ಸುತ್ತ ಕೆಂಪು ಹರಡುತ್ತಾ ಬಂದ್ರೆ ಲೈಮ್ ಕಾಯಿಲೆ ಇರಬಹುದು, ಡಾಕ್ಟರ್ ಹತ್ರ ಹೋಗಿ.

ಜೋಳದರೊಟ್ಟಿ:
ಮೀನ ಹಿಡಿಯೂದು? ಮನಿ ಮುಂದನ ನದಿ ಐತಲ್ಲ.

ಘಟ್ಟದಕೆಳಗೆ:
ಎರಡು ಬೇರೆ ಬೇರೆ ಅನುಮತಿ ಬೇಕು. ಒಂದು ಗಾಳದ ಸರ್ಕಾರಿ ಪರವಾನಗಿ, 13 ವರ್ಷ ಆದವರಿಗೆಲ್ಲ (13ರಿಂದ 16ರವರಿಗೆ ಉಚಿತ, ಆದ್ರೂ ತೆಗೀಲೇಬೇಕು). ಇನ್ನೊಂದು ಆ ದಂಡೆಯ ಮೀನಿನ ಹಕ್ಕು ಯಾರದೋ ಅವರದ್ದು, ಅದು ಕಾಟೇಜಿನ ಮಾಲೀಕರದ್ದೇ ಆಗಿರ್ಬೇಕಂತ ಇಲ್ಲ. ಸಾಲ್ಮನ್ ಸಿಕ್ಕಿದ್ರೆ ವಾಪಸ್ ಬಿಡ್ಲೇಬೇಕು, ಸಾರು ಮಾಡ್ಲಿಕ್ಕಿಲ್ಲ!

ಬಿಸಿಬೇಳೆ:
ಹಾಟ್ ಟಬ್ ಬಗ್ಗೆ ಎರಡೇ ಮಾತು. ಪ್ರತಿ ಅತಿಥಿಗೂ ನೀರು ಬದಲಿಸಿ ಕ್ಲೋರಿನ್ ಹಾಕ್ತಾರೆ. ಹಾಗಾಗಿ ನಾಲ್ಕಕ್ಕೆ ಹೋದರೆ ಟಬ್ ಬೆಚ್ಚಗಿರಲ್ಲ, ರಾತ್ರಿಯಾಗುತ್ತೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಇಳಿದರೆ ನೀರು ನೊರೆ ಬಂದು ಫಿಲ್ಟರ್ ಕಟ್ಟುತ್ತೆ, ಮತ್ತೆ ನೀರು ಬದಲಿಸೋ ಖರ್ಚು ನಿಮ್ಮ ತಲೆಗೆ. ಸೋಪು ಹಾಕಿ ಸ್ನಾನ ಮಾಡಿ ಇಳೀರಿ. ಬಿಪಿ ಮಾತ್ರೆ ತಗೊಳ್ಳೋ ಹಿರಿಯರು ಡಾಕ್ಟರನ್ನು ಕೇಳದೆ 38–40 ಡಿಗ್ರಿಯಲ್ಲಿ ಕೂರೋದು ಬೇಡ.

ಬ್ರೆಕನ್‌ಬೆಟ್ಟ:
ಬೆಲೆ ಬಗ್ಗೆ. ಶಾಲೆ ರಜೆ, ಮೇ ಕೊನೆಯ ಹೇ ಸಾಹಿತ್ಯೋತ್ಸವ, ಜುಲೈನಲ್ಲಿ ಬಿಲ್ತ್ ಪಕ್ಕ ನಾಲ್ಕು ದಿನ ನಡೆಯೋ ರಾಯಲ್ ವೆಲ್ಷ್ ಕೃಷಿ ಮೇಳ, ಈ ಮೂರು ಸಮಯದಲ್ಲಿ ಚೌಕಾಸಿ ನಡೆಯಲ್ಲ. ಆದರೆ ನವೆಂಬರಿನಿಂದ ಮಾರ್ಚ್‌ವರೆಗೆ ಚೆನ್ನಾಗಿ ನಡೆಯುತ್ತೆ. ಕಾರಣ ಇದೆ: 2023ರ ಏಪ್ರಿಲ್‌ನಿಂದ ವೇಲ್ಸ್‌ನಲ್ಲಿ ರಜಾ ಮನೆಯನ್ನು ವ್ಯಾಪಾರದ ತೆರಿಗೆಯಲ್ಲಿ ಉಳಿಸಿಕೊಳ್ಳಬೇಕಾದರೆ ವರ್ಷಕ್ಕೆ 182 ದಿನ ಬಾಡಿಗೆಗೆ ಹೋಗಿರಬೇಕು ಅಂತ ನಿಯಮ ಬಂತು. ಇಲ್ಲದಿದ್ದರೆ ಮನೆ ಕೌನ್ಸಿಲ್ ತೆರಿಗೆಗೆ (ವಾಸದ ಮನೆಗೆ ಹಾಕೋ ಸ್ಥಳೀಯ ತೆರಿಗೆ), ಎಷ್ಟೋ ಕಡೆ ಎರಡನೇ ಮನೆಯ ಹೆಚ್ಚುವರಿ ತೆರಿಗೆಗೂ ಬೀಳುತ್ತೆ. ದಿನ ತುಂಬಿಸಿಕೊಳ್ಳೋಕೆ ಮಾಲೀಕರು ಸೋಮವಾರದಿಂದ ಶುಕ್ರವಾರದ ನಾಲ್ಕು ರಾತ್ರಿಯನ್ನು ಕಡಿಮೆಗೆ ಕೊಡ್ತಾರೆ. ಬಾಯಿಬಿಟ್ಟು ಕೇಳಬೇಕು ಅಷ್ಟೇ. ಪ್ರವಾಸಿ ಶುಲ್ಕದ ಕಾನೂನು 2025ರಲ್ಲಿ ಆಗಿದೆ: ಕಾಟೇಜಿಗೆ ತಲೆಗೆ ರಾತ್ರಿಗೆ 1.30 ಪೌಂಡ್. ಹಾಕೋದು ಬಿಡೋದು ಆಯಾ ಕೌನ್ಸಿಲ್‌ಗೆ ಸೇರಿದ್ದು, 2027ಕ್ಕಿಂತ ಮೊದಲು ಎಲ್ಲೂ ಇಲ್ಲ.

ಕಾವೇರಿಕೊಳ್ಳ:
ಅಪ್ಪ-ಅಮ್ಮನ ಜೊತೆ ಹಗಲು ಎಲ್ಲಿಗೆ ಹೋಗಬಹುದು? ಪೆನ್ ಇ ವ್ಯಾನ್ ಅವರಿಗೆ ಆಗಲ್ಲ.

ಬ್ರೆಕನ್‌ಬೆಟ್ಟ:
ಆಗಲ್ಲ, 886 ಮೀಟರ್ ಬೆಟ್ಟ. ನೀವು ಮಕ್ಕಳ ಜೊತೆ ಹೋಗೋದಾದರೆ ಬೆಳಗ್ಗೆ ಒಂಬತ್ತರೊಳಗೆ ಪಾಂಟ್ ಆರ್ ಡಾವ್ ಪಾರ್ಕಿಂಗ್ ತಲುಪಿ. ಅವರಿಗೆ ಎಲಾನ್ ಕಣಿವೆ. ಬರ್ಮಿಂಗ್ಹ್ಯಾಮ್ ನಗರಕ್ಕೆ ನೀರೊಯ್ಯೋಕೆ 1893ರಲ್ಲಿ ಶುರು ಮಾಡಿ 1904ಕ್ಕೆ ಉದ್ಘಾಟಿಸಿದ ಕಲ್ಲಿನ ಅಣೆಕಟ್ಟುಗಳ ಸಾಲು. 73 ಮೈಲಿ ದೂರಕ್ಕೆ ನೀರು ಪಂಪಿಲ್ಲದೆ ಬರೀ ಇಳಿಜಾರಿನಲ್ಲಿ ಹರಿಯುತ್ತೆ. ಜೋರು ಮಳೆಯಾದ ಮೇಲೆ ಅಣೆಕಟ್ಟಿನ ಮೇಲಿಂದಲೇ ನೀರು ಧುಮುಕುತ್ತೆ, ಕಾರಿನಲ್ಲೇ ಕೂತು ನೋಡಬಹುದು. ದಾರಿಯಲ್ಲೇ ರೇಯಡರ್ ಪಕ್ಕದ ಗಿಗ್ರಿನ್ ಫಾರ್ಮಿನಲ್ಲಿ ದಿನಕ್ಕೊಮ್ಮೆ ಕೆಂಪು ಹದ್ದುಗಳಿಗೆ ಮಾಂಸ ಹಾಕ್ತಾರೆ, ನೂರಾರು ಇಳಿಯುತ್ತವೆ. ಬೇಸಿಗೆ ಗಡಿಯಾರದಲ್ಲಿ ಮೂರು ಗಂಟೆಗೆ, ಚಳಿಗಾಲದಲ್ಲಿ ಎರಡಕ್ಕೆ, ನಿಮ್ಮ ವಾರದಲ್ಲೇ ಗಡಿಯಾರ ಬದಲಾಗೋದರಿಂದ ದಿನ ನೋಡಿ ಹೋಗಿ. ಮಟ್ಟಸವಾಗಿ ನಡೆಯೋಕೆ ಬ್ರೆಕನ್ ಕಾಲುವೆ ದಂಡೆ. ಮಳೆ ಬಂದರೆ ಹೇ ಊರಿನ ಹಳೇ ಪುಸ್ತಕದಂಗಡಿಗಳು.

ಬಿಸಿಬೇಳೆ:
ದೇವಸ್ಥಾನ ಕೇಳಿದರೆ ಸ್ಕಂದ ವೇಲ್ ಇದೆ, ಕಾರ್ಮಾರ್ಥೆನ್‌ಶೈರಿನಲ್ಲಿ. ಸುಬ್ರಹ್ಮಣ್ಯ, ಶಕ್ತಿ, ರಂಗನಾಥ ಮೂರೂ ಗುಡಿ ಉಂಟು. ನಿಮ್ಮಿಂದ ಹೋಗಿಬರೋಕೆ ಇಡೀ ದಿನ ಬೇಕು, ಪೂಜೆಯ ಹೊತ್ತು, ಹೋಗೋ ಮೊದಲಿನ ದಿನಗಳಲ್ಲಿ ಮಾಂಸ ತಿಂದಿರಬಾರದು ಅನ್ನುವಂಥ ನಿಯಮಗಳನ್ನು ಅವರ ಜಾಲತಾಣದಲ್ಲಿ ನೋಡಿಕೊಂಡೇ ಹೊರಡಿ.

ಕಾವೇರಿಕೊಳ್ಳ:
ಮಾಲೀಕರಿಗೆ ಬರೆದೆ, ಉತ್ತರ ಬಂತು. 2020ರಲ್ಲಿ ನೀರು ಹುಲ್ಲುಹಾಸಿನ ಬೇಲಿವರೆಗೆ ಬಂದಿತ್ತಂತೆ, ಕೆಳಗಿನ ಗೇಟಿನ ದಾರಿ ಬಂದ್ ಆಗಿತ್ತು, ಹಿಂದಿನ ಕಾಡಿನ ದಾರಿ ಇದೆ. ನೀರಿನ ವರದಿ ಕಳಿಸಿದ್ದಾರೆ, ಇ-ಕೋಲೈ ಸೊನ್ನೆ. ಆದರೆ ಕೆಳಗಿನ ಕೋಣೆ ಇಲ್ಲ, ಶೌಚಾಲಯ ಮಾತ್ರ ಕೆಳಗೆ.

ಪೈಪುಪಂಪು:
ವರದಿಯ ದಿನಾಂಕ ಒಂದು ವರ್ಷದೊಳಗಿದೆಯಾ ನೋಡಿ. ಕಾಡಿನ ದಾರಿಯಲ್ಲಿ ಸಾಮಾನ್ಯ ಕಾರು ಹೋಗುತ್ತಾ, ಜೀಪೇ ಬೇಕಾ ಅಂತಲೂ ಕೇಳಿ.

ಬ್ರೆಕನ್‌ಬೆಟ್ಟ:
ಕೆಳಗೆ ಕೋಣೆ ಇಲ್ಲ ಅಂದರೆ ಬೈಠಕ್ಕಿನ ಸೋಫಾ ಬಿಚ್ಚಿದರೆ ಹಾಸಿಗೆಯಾಗುತ್ತಾ ಕೇಳಿ. ಆಗುತ್ತೆ ಅಂದರೂ ಎತ್ತರ ಕೇಳಿ, ತಗ್ಗಿನ ಸೋಫಾದಿಂದ ಮಂಡಿನೋವಿನವರು ಏಳೋದು ಮೆಟ್ಟಿಲಿಗಿಂತ ಕಷ್ಟ. ಎರಡೂ ಇಲ್ಲದಿದ್ದರೆ ಇದನ್ನು ಬಿಡಿ. ಅದೇ ಭಾಗದಲ್ಲಿ ಕೊಟ್ಟಿಗೆ ಮಾರ್ಪಡಿಸಿ ಕಟ್ಟಿದ ಒಂದೇ ಅಂತಸ್ತಿನ ಮನೆಗಳು ಸಿಗುತ್ತವೆ. ಹುಡುಕೋವಾಗ "ನೆಲಮಹಡಿ ಮಲಗುವ ಕೋಣೆ" ಅನ್ನೋ ಫಿಲ್ಟರ್ ಹಾಕಿ.

ಜೋಳದರೊಟ್ಟಿ:
ಹೊರಡೂ ದಿನ ಮುಂಜಾನೆ ಹತ್ತಕ್ಕ ಮನಿ ಬಿಡಬೇಕು. ಕಸ ಹಿಂದಿನ ರಾತ್ರಿನ ಬ್ಯಾರೆ ಬ್ಯಾರೆ ಮಾಡಿಡ್ರಿ. 2024ರ ಏಪ್ರಿಲ್‌ದಿಂದ ವೇಲ್ಸ್‌ದಾಗ ಬಾಡಿಗಿ ಮನಿ ನಡಸಾವ್ರೂ ಕಸ ಬ್ಯಾರೆ ಮಾಡಿ ಕೊಡಬೇಕು ಅಂತ ಕಾನೂನೈತಿ. ಗಾಜು, ಕಾಗದ, ಡಬ್ಬಿ-ಪ್ಲಾಸ್ಟಿಕ್ ಎಲ್ಲಾ ಬ್ಯಾರೆ. ಉಳದ ಅನ್ನ ಸಾರು ಮುಚ್ಚಳ ಇರೂ ಸಣ್ಣ ಡಬ್ಬಿಗೆ, ಮುಚ್ಚಳದ ಹಿಡಿಕಿ ಮುಂದ ಎಳದು ಲಾಕ್ ಮಾಡ್ರಿ, ಇಲ್ಲಂದ್ರ ನರಿ ಬಂದು ಅಂಗಳ ತುಂಬ ಚಲ್ಲತೈತಿ.